ಕಾವೇರಿಯ ವಿದ್ಯುತ್ತು, ಬೆಂಗಳೂರಿನ ಮೋಟಾರು: ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಉಗಮ ಮತ್ತು ಬೆಳವಣಿಗೆ

ಮೈಸೂರು ಸಂಸ್ಥಾನದ ಕೈಗಾರಿಕಾ ಚರಿತ್ರೆಯನ್ನು ಕುರಿತು ಬಂದಿರುವ ಬರವಣಿಗೆಯಲ್ಲಿ ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ಸಾಬೂನು ಮತ್ತು ವಿಮಾನ, ಮೈಸೂರಿನ ಶ್ರೀಗಂಧದೆಣ್ಣೆ, ಮಂಡ್ಯದ ಸಕ್ಕರೆ ಇವುಗಳಿಗೆ ಸಾಕಷ್ಟು ಪುಟಗಳು ದೊರೆತಿವೆ. ವಿದ್ಯುತ್ ಮೋಟಾರಿಗೆ ಅಂತಹ ಸ್ಥಾನ ದೊರೆತಿಲ್ಲ. ಇದಕ್ಕೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ಮೋಟಾರು ಬೇರೊಂದು ಯಂತ್ರದ ಬೆನ್ನಿಗೆ ನಿಂತು ದುಡಿಯುವ ವಸ್ತು. ಹಿಟ್ಟಿನ ಗಿರಣಿಯಲ್ಲಿ ಕಾಣುವುದು ಬೀಸುವ ಕಲ್ಲು, ಬಾವಿಯ ಬಳಿ ಕಾಣುವುದು ಹರಿಯುವ ನೀರು, ಜವಳಿ ಗಿರಣಿಯಲ್ಲಿ ಕಾಣುವುದು ಮಗ್ಗ. ಇವೆಲ್ಲವನ್ನೂ ತಿರುಗಿಸುವ ಮೋಟಾರು ಸುಟ್ಟುಹೋದ ದಿನ ಮಾತ್ರ ನೆನಪಿಗೆ ಬರುತ್ತದೆ.

1946ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಉದ್ಯಮಶೀಲ ಮನೆತನದ ಸಾಹಸದ ಕಥೆಯಾಗಿ ಹೇಳಲಾಗುತ್ತದೆ. ಆ ಸಾಹಸವನ್ನು ಅಲ್ಲಗಳೆಯಲಾಗದು. ಆದರೆ ಅಷ್ಟರಿಂದಲೇ ಈ ಕಾರ್ಖಾನೆ ಬೆಂಗಳೂರಿನಲ್ಲೇ ಏಕೆ ಹುಟ್ಟಿತು, ಅದು ಯಾರಿಗಾಗಿ ಮೋಟಾರು ತಯಾರಿಸಿತು, ಅದರ ಸರಕಿನ ಸ್ವರೂಪ ಕಾಲದಿಂದ ಕಾಲಕ್ಕೆ ಏಕೆ ಬದಲಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದಿಲ್ಲ. ಮೋಟಾರು ತಂತಿಯ ಕೂಸು. ತಂತಿ ಇಲ್ಲದ ಊರಿನಲ್ಲಿ ಅದು ಬರಿಯ ಕಬ್ಬಿಣ ಮತ್ತು ತಾಮ್ರದ ಮುದ್ದೆ. ಆದ್ದರಿಂದ ಮೋಟಾರು ಕಾರ್ಖಾನೆಯ ಚರಿತ್ರೆಯನ್ನು ವಿದ್ಯುತ್ತಿನ ತಂತಿ ಹರಡಿದ ಚರಿತ್ರೆಯೊಡನೆ ಜೋಡಿಸಿಯೇ ಓದಬೇಕಾಗುತ್ತದೆ. ಪ್ರಸ್ತುತ ಲೇಖನ ಆ ದಿಕ್ಕಿನ ಒಂದು ಪ್ರಯತ್ನ.

ವಿದ್ಯುತ್ತಿತ್ತು, ಮೋಟಾರಿರಲಿಲ್ಲ

ಶಿವನಸಮುದ್ರದ ಜಲವಿದ್ಯುದಾಗಾರ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಲು ಆರಂಭಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಗೊಂಡು, ಇಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯೇರ್ ಅವರ ಮುತುವರ್ಜಿಯಿಂದ ಕೈಗೂಡಿದ ಈ ಕಾರ್ಯದಲ್ಲಿ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯವು. ಸುಮಾರು 147 ಕಿ.ಮೀ. ಉದ್ದದ ತಂತಿಯ ಮಾರ್ಗ ಆ ಕಾಲಕ್ಕೆ ಜಗತ್ತಿನ ಅತ್ಯಂತ ದೀರ್ಘ ಮಾರ್ಗಗಳಲ್ಲಿ ಒಂದಾಗಿತ್ತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿಕೊಂಡವು. ಈ ಘಟನೆಗಳನ್ನು ಸಂಸ್ಥಾನದ ಪ್ರಗತಿಪರತೆಗೆ ಸಾಕ್ಷಿಯಾಗಿ ಹಲವರು ಉಲ್ಲೇಖಿಸಿದ್ದಾರೆ.

ಆದರೆ ಇಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ವಿದ್ಯುತ್ತು ಬಂದ ನಂತರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸಂಸ್ಥಾನದ ಗಿರಣಿಗಳನ್ನೂ ಗಣಿಗಳನ್ನೂ ನಡೆಸಿದವು ಹೊರಗಿನ ಮೋಟಾರುಗಳು. ವಿದ್ಯುತ್ತಿನ ಬಹುಪಾಲು ಗಣಿಗಳಿಗೆ ಹೋಗುತ್ತಿತ್ತು. ಅಲ್ಲಿ ಬೇಕಾದದ್ದು ನೀರೆತ್ತುವ, ಗಾಳಿಯೊತ್ತುವ, ಅದಿರು ಅರೆಯುವ ದೊಡ್ಡ ಯಂತ್ರಗಳು. ಅವನ್ನು ಗಣಿ ಕಂಪನಿಗಳು ತಮಗೆ ಪರಿಚಯವಿದ್ದ ವಿದೇಶಿ ತಯಾರಕರಿಂದಲೇ ತರಿಸಿಕೊಳ್ಳುತ್ತಿದ್ದವು. ಸಣ್ಣ ಮೋಟಾರಿಗೆ ಗಿರಾಕಿ ಹುಟ್ಟಬೇಕಾದರೆ ತಂತಿ ಸಣ್ಣ ಊರುಗಳಿಗೆ ಹೋಗಬೇಕಿತ್ತು.

ತಾಂತ್ರಿಕವಾದ ಇನ್ನೊಂದು ಕಾರಣವೂ ಇದ್ದಿತು. ಅದರ ಬಗ್ಗೆ ಇತಿಹಾಸಕಾರರ ಗಮನ ಅಷ್ಟಾಗಿ ಹರಿದಿಲ್ಲ. ಶಿವನಸಮುದ್ರದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದ್ದು. ದೂರದ ಸಾಗಣೆಗೂ ಗಣಿಯ ಭಾರಿ ಯಂತ್ರಗಳಿಗೂ ಆ ಕಾಲದ ಇಂಜಿನಿಯರುಗಳು ಒಪ್ಪಿದ್ದ ಮಟ್ಟ ಅದು. ಆದರೆ ಈ ವಿದ್ಯುತ್ತಿನಲ್ಲಿ ದೀಪ ಸ್ವಲ್ಪ ಮಿನುಗುತ್ತದೆ. ಮೋಟಾರಿನ ವೇಗಕ್ಕೂ ಮಿತಿ ಬೀಳುತ್ತದೆ. ಇಂಡಕ್ಷನ್ ಮೋಟಾರಿನ ವೇಗವನ್ನು ನಿರ್ಧರಿಸುವುದು ವಿದ್ಯುತ್ತಿನ ಆವರ್ತ ಮತ್ತು ಮೋಟಾರಿನಲ್ಲಿರುವ ಕಾಂತಧ್ರುವಗಳ ಸಂಖ್ಯೆ. 50 ಆವರ್ತಗಳ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ, 25 ಆವರ್ತಗಳಲ್ಲಿ ಅದೇ ಮೋಟಾರಿನದು 750 ಸುತ್ತಿಗೆ ಇಳಿಯುತ್ತದೆ. ಅಷ್ಟೇ ಶಕ್ತಿ ಪಡೆಯಲು ಹೆಚ್ಚು ಕಬ್ಬಿಣ ಬೇಕಾಗುತ್ತದೆ, ಮೋಟಾರು ಭಾರವಾಗುತ್ತದೆ, ಬೆಲೆಯೂ ಏರುತ್ತದೆ. ಬ್ರಿಟನ್ನಿನಲ್ಲಿ 50 ಆವರ್ತ ರೂಢಿಗೆ ಬಂದ ಮೇಲೆ ಅಲ್ಲಿಯ ಅಂಗಡಿಯ ಕಪಾಟಿನಿಂದ ಇಳಿಸಿದ ಮೋಟಾರನ್ನು 25 ಆವರ್ತದ ತಂತಿಗೆ ಹಾಗೆಯೇ ಜೋಡಿಸುವಂತಿರಲಿಲ್ಲ. ಮೊದಲೇ ವಿದ್ಯುತ್ತು ಪಡೆದ ನಾಡು ಮೊದಲಿನ ಕಾಲದ ಮಟ್ಟಕ್ಕೆ ಕಟ್ಟುಬಿದ್ದಿತ್ತು. ಮುಂದೆ ಜೋಗದ ಮಹಾತ್ಮ ಗಾಂಧಿ ಜಲವಿದ್ಯುದಾಗಾರ 1940ರ ದಶಕದ ಕೊನೆಯಲ್ಲಿ 50 ಆವರ್ತಗಳ ವಿದ್ಯುತ್ತನ್ನು ತಂದ ಮೇಲೆ ಈ ಕಟ್ಟು ಸಡಿಲವಾಯಿತು.

ನೆರೆಯ ಕೊಯಮತ್ತೂರಿನೊಡನೆ ಹೋಲಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ನೀಲಗಿರಿಯ ಪೈಕಾರಾ ವಿದ್ಯುತ್ತು 1930ರ ದಶಕದ ಆರಂಭದಲ್ಲಿ, ಅಂದರೆ ಶಿವನಸಮುದ್ರಕ್ಕಿಂತ ಮೂವತ್ತು ವರ್ಷ ತಡವಾಗಿ ಕೊಯಮತ್ತೂರಿಗೆ ಬಂದಿತು. ಆದರೆ ಅದು ಬಂದ ಐದಾರು ವರ್ಷಗಳಲ್ಲೇ, 1937ರಲ್ಲಿ, ಭಾರತದ ಮೊದಲ ದೇಶೀಯ ವಿದ್ಯುತ್ ಮೋಟಾರು ಎಂದು ಸಾಮಾನ್ಯವಾಗಿ ಗುರುತಿಸಲಾಗುವ ಯಂತ್ರ ಅಲ್ಲಿ ಸಿದ್ಧವಾಯಿತು, ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಅವರ ಹೆಸರುಗಳು ಅದರೊಡನೆ ಸೇರಿಕೊಂಡಿವೆ. ಕೊಯಮತ್ತೂರಿನ ತಂತಿ ಹತ್ತಿ ಗಿರಣಿಗಳಿಗೂ ಬಾವಿಗಳಿಗೂ ಹೋಯಿತು, ಮೈಸೂರಿನ ಮೊದಲ ತಂತಿ ಗಣಿಗೆ ಹೋಯಿತು. ಯಾರಿಗೆ ಮೊದಲು ವಿದ್ಯುತ್ತು ಬಂದಿತೆಂಬುದಕ್ಕಿಂತ ಅದು ಯಾರ ಬಾಗಿಲಿಗೆ ಹೋಯಿತೆಂಬುದು ಮೋಟಾರಿನ ಚರಿತ್ರೆಗೆ ಮುಖ್ಯ.

ಹಾಗೆಂದು ಮೈಸೂರು ಈ ಅವಧಿಯಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1911ರಿಂದಲೇ ವಿದ್ಯುತ್ ತಂತ್ರಜ್ಞಾನದ ವಿಭಾಗ ಕೆಲಸ ಮಾಡುತ್ತಿತ್ತು. 1917ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಅಧಿಕಾರಾವಧಿಯಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ, ಸರ್ಕಾರಿ ವಿದ್ಯುತ್ ಕಾರ್ಖಾನೆ, 1936ರಲ್ಲಿ ಮೈಸೂರು ಲ್ಯಾಂಪ್ಸ್ ಹುಟ್ಟಿಕೊಂಡವು. ಕಂಬದ ಮೇಲಿನ ಪಿಂಗಾಣಿ, ಬೀದಿಯ ಟ್ರಾನ್ಸ್‌ಫಾರ್ಮರು, ಮನೆಯ ಬಲ್ಬು ಇವೆಲ್ಲ ಸಂಸ್ಥಾನದಲ್ಲೇ ತಯಾರಾಗತೊಡಗಿದ್ದವು. ಈ ಸಾಲಿನಲ್ಲಿ ಉಳಿದಿದ್ದ ಖಾಲಿ ಜಾಗ ಮೋಟಾರಿನದು.

ಒಂದು ಬಾವಿ, ಮೂರು ಕಾರ್ಖಾನೆ

ಆ ಜಾಗವನ್ನು ತುಂಬಿದ ಮನೆತನದ ಮೂಲ ಇಂದಿನ ಕರ್ನಾಟಕದಲ್ಲೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ರಲ್ಲಿ ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರ ಹುಟ್ಟೂರೂ ಅದೇ. ಮಲಪ್ರಭೆಯ ಸೀಮೆಯ ಸಣ್ಣ ಊರೊಂದು ಮಹಾರಾಷ್ಟ್ರದ ರಂಗಭೂಮಿಗೂ ಭಾರತದ ಯಂತ್ರೋದ್ಯಮಕ್ಕೂ ಒಬ್ಬೊಬ್ಬರನ್ನು ಕೊಟ್ಟದ್ದು ಎರಡು ಭಾಷೆಗಳ ಗಡಿಸೀಮೆಯ ಬದುಕಿಗೆ ತಕ್ಕ ಸಂಗತಿಯೇ ಆಗಿದೆ. ಲಕ್ಷ್ಮಣರಾಯರು ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಅನಂತರ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲಿನ ತಯಾರಿಕೆಗೆ ಇಳಿದರು. ಬೆಳಗಾವಿಯ ಪುರಸಭೆ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ಬಿಡಬೇಕೆಂದಾಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ನೆಲ ಕೊಟ್ಟರು. 1910ರಲ್ಲಿ ಅಲ್ಲಿ ಎದ್ದದ್ದೇ ಕಿರ್ಲೋಸ್ಕರವಾಡಿ.

ಬ್ರಿಟಿಷ್ ಆಡಳಿತದ ಊರಿನಲ್ಲಿ ಜಾಗ ಕಳೆದುಕೊಂಡ ಉದ್ಯಮಕ್ಕೆ ದೇಶೀಯ ಸಂಸ್ಥಾನ ಆಶ್ರಯ ನೀಡಿತು. ಮೂರು ದಶಕಗಳ ನಂತರ ಇದೇ ಕ್ರಮ ಮೈಸೂರಿನಲ್ಲಿ ಪುನರಾವರ್ತನೆಗೊಂಡಿತು. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಲೇತು ಮುಂತಾದ ಯಂತ್ರೋಪಕರಣಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಯುದ್ಧದ ಆ ವರ್ಷಗಳಲ್ಲಿ ವಿದೇಶಗಳಿಂದ ಯಂತ್ರ ಬರುವುದು ದುರ್ಲಭವಾಗಿತ್ತು. ತಯಾರಿಸಬಲ್ಲವರಿಗೆ ಮಾರುಕಟ್ಟೆ ತಾನಾಗಿ ತೆರೆದುಕೊಂಡಿತ್ತು. ಮೈಸೂರಿನೊಡನೆ ಈ ಮನೆತನದ ವ್ಯಾವಹಾರಿಕ ಸಂಬಂಧ ಹೀಗೆ ಬೆಂಗಳೂರಿನ ಕಾರ್ಖಾನೆಗಿಂತ ಮೊದಲೇ ನೆಲೆಗೊಂಡಿತ್ತೆಂಬುದನ್ನು ನೆನಪಿಡಬೇಕು.

ಕಿರ್ಲೋಸ್ಕರವಾಡಿಯಲ್ಲಿ ತಯಾರಾಗುತ್ತಿದ್ದ ಸರಕುಗಳಲ್ಲಿ ಪಂಪು ಪ್ರಮುಖವಾಗಿತ್ತು. ಪಂಪನ್ನು ತಿರುಗಿಸಲು ಒಂದೋ ಎಣ್ಣೆಯ ಇಂಜಿನು ಬೇಕು, ಇಲ್ಲವೇ ವಿದ್ಯುತ್ ಮೋಟಾರು ಬೇಕು. 1946ರಲ್ಲಿ ಎರಡಕ್ಕೂ ಪ್ರತ್ಯೇಕ ಕಂಪನಿಗಳು ಹುಟ್ಟಿದವು. ಲಕ್ಷ್ಮಣರಾಯರ ಹಿರಿಯ ಮಗ ಶಂತನುರಾವ್ ಅವರ ನೇತೃತ್ವದಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ರೂಪುಗೊಂಡರೆ, ಇನ್ನೊಬ್ಬ ಮಗ ರವಿ ಕಿರ್ಲೋಸ್ಕರ್ ಅವರು ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯನ್ನು ಕಟ್ಟಿದರು. ಕಂಪನಿಯ ನೋಂದಣಿ 1946ರ ಜುಲೈನಲ್ಲಿ ನಡೆಯಿತು. ಆರಂಭದ ತಂತ್ರಜ್ಞಾನಕ್ಕೆ ಬ್ರಿಟನ್ನಿನ ಬ್ರಷ್ ಎಲೆಕ್ಟ್ರಿಕಲ್ ಕಂಪನಿಯ ಸಹಯೋಗವಿತ್ತು.

ಪಂಪು ಕಿರ್ಲೋಸ್ಕರವಾಡಿಯಲ್ಲಿ, ಇಂಜಿನು ಪುಣೆಯಲ್ಲಿ, ಮೋಟಾರು ಬೆಂಗಳೂರಿನಲ್ಲಿ ಎಂಬ ಈ ಹಂಚಿಕೆಯನ್ನು ಕೇವಲ ಸೋದರರ ನಡುವಿನ ವಿಭಜನೆಯೆಂದು ಭಾವಿಸುವುದು ಸಾಲದು. ತಂತಿ ತಲುಪದ ಬಾವಿಗೆ ಇಂಜಿನು, ತಂತಿ ತಲುಪಿದ ಬಾವಿಗೆ ಮೋಟಾರು. ಗಣಿಗಾಗಿ ಹಾಕಿದ ತಂತಿಯ ಹೊರತಾಗಿಯೂ ಹೊಸ ಮಾರ್ಗಗಳನ್ನು ಹಳ್ಳಿಗಳತ್ತ ಎಳೆಯುವ ಇಚ್ಛೆಯಿದ್ದ, 1940ರಲ್ಲಿ ಶಿಂಷಾ ವಿದ್ಯುದಾಗಾರವನ್ನು ಮುಗಿಸಿ ಜೋಗದ ಕೆಲಸವನ್ನು ಕೈಗೆತ್ತಿಕೊಂಡಿದ್ದ, ವಿದ್ಯುತ್ ಇಂಜಿನಿಯರುಗಳು ದೊರೆಯುತ್ತಿದ್ದ ಸಂಸ್ಥಾನ ಮೋಟಾರಿಗೆ ಒಪ್ಪುವ ನೆಲವಾಗಿತ್ತು. ಈ ಆಯ್ಕೆಯ ಹಿಂದೆ ಮನೆತನದ ಲೆಕ್ಕಾಚಾರ ಏನೇ ಇದ್ದಿರಲಿ, ಪರಿಣಾಮದ ದೃಷ್ಟಿಯಿಂದ ಅದು ತಂತಿಯ ನಕ್ಷೆಯನ್ನೇ ಅನುಸರಿಸಿತೆಂದು ಹೇಳಬಹುದು.

ಕಾರ್ಖಾನೆ ಎದ್ದದ್ದು ಮಲ್ಲೇಶ್ವರದ ಪಶ್ಚಿಮಕ್ಕೆ. ಸ್ವಾತಂತ್ರ್ಯಾನಂತರ ಅದರ ಸುತ್ತ ರಾಜಾಜಿನಗರದ ಕೈಗಾರಿಕಾ ಬಡಾವಣೆ ಬೆಳೆಯಿತು. ಇಲ್ಲಿಯ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಏಕೆಂದರೆ ಮೋಟಾರು ತಯಾರಿಕೆ ಎರಕ ಮತ್ತು ಲೇತಿನ ಕೆಲಸದಷ್ಟೇ ಬೆರಳುಗಳ ಕೆಲಸವೂ ಹೌದು. ಮೋಟಾರಿನ ಹೊರಗವಚ ಎರಕದ ಕಬ್ಬಿಣದ್ದು. ಅದರೊಳಗೆ ಕೂರುವ ಸ್ಟೇಟರ್ ಅರ್ಧ ಮಿಲಿಮೀಟರಿನಷ್ಟು ತೆಳುವಾದ ಸಿಲಿಕಾನ್ ಉಕ್ಕಿನ ತಗಡುಗಳನ್ನು ಒತ್ತಿ ಜೋಡಿಸಿದ ಕಟ್ಟು. ಗಟ್ಟಿ ಕಬ್ಬಿಣವನ್ನೇ ಬಳಸಿದರೆ ಅದರೊಳಗೆ ಸುಳಿಪ್ರವಾಹ ಹುಟ್ಟಿ ಮೋಟಾರು ಕಾಯುತ್ತದೆ. ಆದ್ದರಿಂದ ಒಂದೊಂದು ತಗಡಿಗೂ ನಿರೋಧಕ ಲೇಪ ಬೇಕು. ಈ ತಗಡುಗಳ ಒಳಗಡೆಯ ಗಾಡಿಗಳಲ್ಲಿ ಎನಾಮಲ್ ಲೇಪಿಸಿದ ತಾಮ್ರದ ತಂತಿಯ ಸುರುಳಿಗಳನ್ನು ಕೈಯಿಂದಲೇ ಕೂರಿಸಿ, ನಿರೋಧಕ ಕಾಗದವಿಟ್ಟು, ನೂಲಿನಿಂದ ಬಿಗಿದು, ವಾರ್ನಿಷಿನಲ್ಲಿ ಅದ್ದಿ ಒಲೆಯಲ್ಲಿ ಒಣಗಿಸಬೇಕು. ಸುತ್ತುವಾಗ ಎಲ್ಲೋ ಒಂದೆಡೆ ಉಗುರು ತಾಗಿ ಲೇಪ ಕಿತ್ತರೆ ಅದು ಪರೀಕ್ಷೆಯ ಮೇಜಿನ ಮೇಲೆ ಕಾಣದೆ ಎರಡು ವರ್ಷದ ನಂತರ ರೈತನ ಬಾವಿಯಲ್ಲಿ ಕಾಣಿಸಿಕೊಳ್ಳಬಹುದು. ಒಳಗೆ ತಿರುಗುವ ರೋಟರಿಗೂ ಸ್ಟೇಟರಿಗೂ ನಡುವಿನ ಅಂತರ ಸಾಧಾರಣ ಮೋಟಾರಿನಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ. ಲೇತಿನವನ ನಿಖರತೆ, ಸುರುಳಿ ಕಟ್ಟುವವನ ತಾಳ್ಮೆ ಎರಡೂ ಕೂಡಿದಾಗ ಮಾತ್ರ ಮೋಟಾರು.

ಆರಂಭದ ದಶಕಗಳಲ್ಲಿ ಸಿಲಿಕಾನ್ ಉಕ್ಕು ಮತ್ತು ತಾಮ್ರ ಎರಡಕ್ಕೂ ದೇಶ ಬಹುಮಟ್ಟಿಗೆ ಆಮದನ್ನು ಅವಲಂಬಿಸಿತ್ತು. ಆದುದರಿಂದ ದೇಶೀಯ ಮೋಟಾರು ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ. ದೇಶೀಯವಾಗಿದ್ದದ್ದು ಎರಕ, ಕೌಶಲ ಮತ್ತು ಕ್ರಮೇಣ ವಿನ್ಯಾಸ. ಕಚ್ಚಾ ಸಾಮಗ್ರಿಗೆ ವಿದೇಶಿ ವಿನಿಮಯದ ಪರವಾನಗಿ ಬೇಕಿತ್ತು, ಉತ್ಪಾದನೆಯನ್ನು ಹೆಚ್ಚಿಸಲು 1951ರ ಕೈಗಾರಿಕಾ ಕಾಯಿದೆಯಡಿ ಮತ್ತೊಂದು ಪರವಾನಗಿ ಬೇಕಿತ್ತು. ಅದೇ ವ್ಯವಸ್ಥೆ ಹೊರಗಿನ ಮೋಟಾರನ್ನು ತಡೆದು ದೇಶದ ತಯಾರಕರಿಗೆ ನಿಶ್ಚಿತ ಮಾರುಕಟ್ಟೆಯನ್ನೂ ಒದಗಿಸಿತು. ಈ ರಕ್ಷಣೆಯನ್ನು ಮರೆತು ಕೇವಲ ಪರವಾನಗಿಯ ಕಿರುಕುಳವನ್ನು ನೆನೆಯುವುದು ನ್ಯಾಯವಾದ ಚರಿತ್ರೆಯಾಗಲಾರದು.

ಬಾವಿಯಿಂದ ಕೊಳವೆಬಾವಿಗೆ

1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ರಚನೆಯಾಯಿತು. 1960ರ ದಶಕದ ಮಧ್ಯಭಾಗದಿಂದ ಶರಾವತಿಯ ವಿದ್ಯುತ್ತು ರಾಜ್ಯಕ್ಕೆ ಬರತೊಡಗಿತು. ಆ ದಶಕದ ಬರಗಳು ಮತ್ತು ಆಹಾರದ ಕೊರತೆಯ ಹಿನ್ನೆಲೆಯಲ್ಲಿ ಗ್ರಾಮೀಣ ವಿದ್ಯುದೀಕರಣದ ಗುರಿ ಮನೆಯ ದೀಪದಿಂದ ನೀರಾವರಿ ಪಂಪ್‌ಸೆಟ್ಟಿನತ್ತ ತಿರುಗಿತು. 1969ರಲ್ಲಿ ಕೇಂದ್ರದ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಗೊಂಡು ಮಂಡಳಿಗಳಿಗೆ ಸಾಲ ನೀಡತೊಡಗಿತು. ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರದ ಬಾವಿಗಳಲ್ಲಿ ಎತ್ತುಗಳು ಹಿಮ್ಮುಖವಾಗಿಯೂ ಮುಮ್ಮುಖವಾಗಿಯೂ ನಡೆದು ನೀರೆತ್ತುತ್ತಿದ್ದ ಕಪಿಲೆ ಒಂದು ತಲೆಮಾರಿನೊಳಗೆ ಮಾಯವಾಯಿತು. ಅದರ ಜಾಗಕ್ಕೆ ಬಂದದ್ದು ಬಾವಿಯ ಒಳಗೋಡೆಯ ಕಟ್ಟೆಯ ಮೇಲೆ ಕುಳಿತ 3 ಅಥವಾ 5 ಅಶ್ವಶಕ್ತಿಯ ಮೋಟಾರು ಮತ್ತು ಪಂಪು.

ಈ ಬದಲಾವಣೆಯ ಫಲ ಒಂದೇ ಕಂಪನಿಗೆ ದೊರೆಯಲಿಲ್ಲವೆಂಬುದನ್ನು ಗಮನಿಸಬೇಕು. ಮುಂಬಯಿಯ ಕ್ರಾಂಪ್ಟನ್ 1937ರಿಂದಲೇ ತಯಾರಿಕೆಯಲ್ಲಿತ್ತು. ಬೆಂಗಳೂರಿನಲ್ಲೇ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಿಂದ ನ್ಯೂ ಗೌರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ, ಜನರ ಬಾಯಲ್ಲಿ ಎನ್‌ಜಿಇಎಫ್, ಮೋಟಾರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರುಗಳನ್ನು ತಯಾರಿಸುತ್ತಿತ್ತು. ಒಂದೇ ನಗರದಲ್ಲಿ ಸರ್ಕಾರದ್ದೊಂದು, ಖಾಸಗಿಯದೊಂದು ಮೋಟಾರು ಕಾರ್ಖಾನೆ. ಎನ್‌ಜಿಇಎಫ್ 21ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿಹೋಯಿತು. ಇವೆರಡರ ತೌಲನಿಕ ಅಧ್ಯಯನ ಸ್ವತಂತ್ರ ಸಂಶೋಧನೆಗೆ ಅರ್ಹವಾದ ವಿಷಯ.

ಬಾವಿಯ ಮೋಟಾರಿನ ಮಾರುಕಟ್ಟೆಯಲ್ಲಿ ದೊಡ್ಡ ಕಾರ್ಖಾನೆಗಳಿಗೆ ನಿಜವಾದ ಪೈಪೋಟಿ ಬಂದದ್ದು ಕೊಯಮತ್ತೂರಿನ ಸಣ್ಣ ತಯಾರಕರಿಂದ. ಸಣ್ಣ ಕೈಗಾರಿಕೆಗಳಿಗೆ ಅಬಕಾರಿ ಸುಂಕದಲ್ಲಿದ್ದ ರಿಯಾಯಿತಿ, ಕಡಿಮೆ ಮೇಲುಖರ್ಚು, ಹಳ್ಳಿಯ ಅಂಗಡಿಯವರೊಡನೆ ನೇರ ಸಂಬಂಧ ಇವುಗಳಿಂದ ಅವರ ಮೋಟಾರು ಅಗ್ಗವಾಗಿ ದೊರೆಯುತ್ತಿತ್ತು. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಈ ಪೈಪೋಟಿ ಇನ್ನಷ್ಟು ಗಾಢವಾಯಿತು. ಕೊಳವೆಬಾವಿಗೆ ಬೇಕಾದದ್ದು ನೆಲದ ಮೇಲೆ ಕೂರುವ ಮೋಟಾರಲ್ಲ. ಆರು ಅಂಗುಲದ ಕೊಳವೆಯೊಳಗೆ ನೂರಾರು ಅಡಿ ಇಳಿದು ನೀರಿನಲ್ಲಿ ಮುಳುಗಿ ದುಡಿಯುವ ಉದ್ದನೆಯ ಸಬ್‌ಮರ್ಸಿಬಲ್ ಮೋಟಾರು. ಕೊಯಮತ್ತೂರು ಇದರಲ್ಲಿ ಮುಂದೆ ಹೋಯಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಒತ್ತು ಕೈಗಾರಿಕೆಗಳ ದೊಡ್ಡ ಮೋಟಾರುಗಳು, ಗಿರಣಿಗಳ ಏಕಮುಖ ವಿದ್ಯುತ್ತಿನ ಮೋಟಾರುಗಳು, ಟ್ರಾನ್ಸ್‌ಫಾರ್ಮರುಗಳು ಮತ್ತು ಆಲ್ಟರ್ನೇಟರುಗಳತ್ತ ಹೆಚ್ಚಿತು. ರಾಜ್ಯದೊಳಗೆ ಹುಬ್ಬಳ್ಳಿಯ ಗೋಕುಲ ರಸ್ತೆ, ಮೈಸೂರಿನ ಬೆಳವಾಡಿ, ತುಮಕೂರು ಮುಂತಾದೆಡೆ ಘಟಕಗಳು ಬೆಳೆದವು. ಪುಣೆ–ಬೆಂಗಳೂರು ರಸ್ತೆಯ ನಡುವಿನ ಹುಬ್ಬಳ್ಳಿಗೆ ಈ ಘಟಕ ತಂದ ತಾಂತ್ರಿಕ ಉದ್ಯೋಗ ಆ ಭಾಗದ ಐ.ಟಿ.ಐ. ಮತ್ತು ಡಿಪ್ಲೊಮಾ ಶಿಕ್ಷಣ ಪಡೆದವರ ಪಾಲಿಗೆ ಸಣ್ಣದೇನಲ್ಲ.

ಆಲ್ಟರ್ನೇಟರಿನ ವಿಷಯದಲ್ಲಿ ಒಂದು ವೈಚಿತ್ರ್ಯ ಅಡಗಿದೆ. ಆಲ್ಟರ್ನೇಟರೂ ಮೋಟಾರಿನ ಒಡಹುಟ್ಟೇ: ಮೋಟಾರು ವಿದ್ಯುತ್ತನ್ನು ತಿರುಗುವಿಕೆಯಾಗಿಸಿದರೆ ಆಲ್ಟರ್ನೇಟರು ತಿರುಗುವಿಕೆಯನ್ನು ವಿದ್ಯುತ್ತಾಗಿಸುತ್ತದೆ. ತಗಡು, ತಾಮ್ರ, ಸುರುಳಿ ಎರಡಕ್ಕೂ ಸಮಾನ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆರಂಭವಾಗುವವರೆಗೆ ಕರ್ನಾಟಕದ ವಿದ್ಯುತ್ತು ಬಹುತೇಕ ಮಳೆಯನ್ನೇ ನಂಬಿತ್ತು. ಮಳೆ ಕೈಕೊಟ್ಟ ವರ್ಷ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ನಿಶ್ಚಿತ. ಆಗ ಕಾರ್ಖಾನೆಗಳೂ ಆಸ್ಪತ್ರೆಗಳೂ ಚಿತ್ರಮಂದಿರಗಳೂ ಡೀಸೆಲ್ ಜನರೇಟರಿಗೆ ಮೊರೆಹೊಕ್ಕವು. ಪುಣೆಯ ಇಂಜಿನಿಗೆ ಬೆಂಗಳೂರಿನ ಆಲ್ಟರ್ನೇಟರು ಜೋಡಿಯಾಗಿ ಕುಳಿತ ದೃಶ್ಯ ದೇಶದಾದ್ಯಂತ ಸಾಮಾನ್ಯವಾಯಿತು. ತಂತಿ ಬಂದವನಿಗೆ ಮೋಟಾರು ಮಾರಿದ ಕಾರ್ಖಾನೆ, ತಂತಿ ಕೈಬಿಟ್ಟವನಿಗೆ ಆಲ್ಟರ್ನೇಟರು ಮಾರಿತು. 1946ರಲ್ಲಿ ಇಂಜಿನು ಒಂದು ದಾರಿ, ಮೋಟಾರು ಒಂದು ದಾರಿ ಎಂದು ಬೇರೆಯಾಗಿದ್ದ ಎರಡು ಕವಲುಗಳು ವಿದ್ಯುತ್ ಮಂಡಳಿಯ ಕೊರತೆಯಿಂದಾಗಿ ಮತ್ತೆ ಕೂಡಿದವು.

ಇತ್ತ ಹಳ್ಳಿಯಲ್ಲಿ ಮೋಟಾರಿನ ಬಾಳು ವಿದ್ಯುತ್ತಿನ ಗುಣಮಟ್ಟದ ಮೇಲೆ ನಿಂತಿತ್ತು. ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ವೋಲ್ಟೇಜು ಶೇ. 20ರಷ್ಟು ಇಳಿದರೆ ಬಲ ಶೇ. 36ರಷ್ಟು ಇಳಿಯುತ್ತದೆ. ಮಾರ್ಗದ ಕಟ್ಟಕಡೆಯ ರೈತನ ಮೋಟಾರು ಹೊರೆಯನ್ನು ಎಳೆಯಲಾರದೆ ಹೆಚ್ಚು ವಿದ್ಯುತ್ತನ್ನು ಹೀರಿ, ಕಾದು, ಸುಟ್ಟುಹೋಗುತ್ತಿತ್ತು. ಮೂರು ಫೇಸುಗಳಲ್ಲಿ ಒಂದನ್ನು ಕಡಿತಗೊಳಿಸಿದ ಹೊತ್ತಿನಲ್ಲಿ ಕೆಪಾಸಿಟರ್ ಜೋಡಿಸಿ ಉಳಿದ ಎರಡರಿಂದಲೇ ಮೋಟಾರು ಓಡಿಸುವ ವಿದ್ಯೆಯನ್ನು ರೈತರು ತಾವೇ ಕಂಡುಕೊಂಡರು. ಬೆಳೆ ಒಣಗುವಾಗ ಮೋಟಾರಿನ ಆಯುಸ್ಸಿನ ಚಿಂತೆ ಯಾರಿಗೆ? ಪರಿಣಾಮವಾಗಿ ಪ್ರತಿ ಹೋಬಳಿಯ ಪೇಟೆಯಲ್ಲೂ ಒಂದೆರಡು ರೀವೈಂಡಿಂಗ್ ಅಂಗಡಿಗಳು ತಲೆಯೆತ್ತಿದವು. ಕಾರ್ಖಾನೆಯಲ್ಲಿ ನಡೆಯುತ್ತಿದ್ದ ಸುರುಳಿ ಕಟ್ಟುವ ಕೆಲಸ ಯಾವ ಶಾಲೆಯ ಹಂಗೂ ಇಲ್ಲದೆ ಗುರುವಿನಿಂದ ಹುಡುಗನಿಗೆ ದಾಟುತ್ತ ಸಂತೆಬೀದಿಯ ಕಸುಬಾಯಿತು. ಮೋಟಾರು ಉದ್ಯಮದ ಚರಿತ್ರೆ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಸರ್ಕಾರ ವಿದ್ಯುತ್ ದರದಲ್ಲಿ ನೀಡಿದ ವಿನಾಯಿತಿಯ ಪರಿಣಾಮವೂ ಮೋಟಾರಿನ ಮೇಲೆ ಆಯಿತು. ಬಳಸಿದ ವಿದ್ಯುತ್ತಿಗೆ ಬೆಲೆಯಿಲ್ಲದಿದ್ದಾಗ ದಕ್ಷ ಮೋಟಾರಿಗೆ ಹೆಚ್ಚು ಹಣ ತೆರಲು ರೈತನಿಗೆ ಕಾರಣವಿರುವುದಿಲ್ಲ. ಇಂದು ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ. ಕೈಗಾರಿಕೆಯಲ್ಲಿ ಮಾತ್ರ ದಕ್ಷತೆಗೆ ಬೆಲೆ ಬಂದಿತು. ಅಲ್ಲಿ ವರ್ಷವಿಡೀ ಓಡುವ ಮೋಟಾರು ತನ್ನ ಖರೀದಿಯ ಬೆಲೆಯ ಹಲವು ಪಟ್ಟು ವಿದ್ಯುತ್ತನ್ನು ತಿನ್ನುತ್ತದೆ. ಒಂದೇ ನಾಡಿನಲ್ಲಿ ಮೋಟಾರಿಗೆ ಎರಡು ಬಗೆಯ ಮಾರುಕಟ್ಟೆಗಳು ಉಂಟಾದದ್ದು ಹೀಗೆ; ದೊಡ್ಡ ತಯಾರಕರು ಯಾವುದರ ಕಡೆ ವಾಲಿದರೆಂಬುದು ಮೇಲಿನ ವಿವರಗಳಿಂದ ತಿಳಿಯುತ್ತದೆ.

ನೆಲದ ಬೆಲೆ

1991ರ ಆರ್ಥಿಕ ನೀತಿಯ ನಂತರ ಆಮದಿನ ತಡೆ ಕರಗಿ, ಬಹುರಾಷ್ಟ್ರೀಯ ಕಂಪನಿಗಳ ಪೈಪೋಟಿ ನೇರವಾಯಿತು. 1990ರ ದಶಕದ ಕೊನೆಯ ಭಾಗ ದೇಶದ ಯಂತ್ರೋದ್ಯಮಕ್ಕೆಲ್ಲ ಕಷ್ಟದ ಕಾಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿತು. ಬೆಂಗಳೂರಿನ ಮೋಟಾರು ಕಂಪನಿ ಉಳಿದುಕೊಂಡಿತು. 2008ರಲ್ಲಿ ಅದು ಜರ್ಮನಿಯ ಬ್ರೆಮೆನ್ ನಗರದ ಲಾಯ್ಡ್ ಡೈನಮೋವರ್ಕೆ ಎಂಬ ಹಳೆಯ ವಿದ್ಯುತ್ ಯಂತ್ರ ಕಂಪನಿಯನ್ನು ಕೊಂಡುಕೊಂಡಿತು. ಒಂದು ಕಾಲದಲ್ಲಿ ಬ್ರಿಟನ್ನಿನಿಂದ ತಂತ್ರಜ್ಞಾನ ಪಡೆದ ಕಂಪನಿ ಯೂರೋಪಿನ ಕಾರ್ಖಾನೆಗೆ ಒಡೆಯನಾದದ್ದು ಸುದ್ದಿಯಾಯಿತು. ಆದರೆ ಖರೀದಿ ನಡೆದದ್ದು ಜಾಗತಿಕ ಆರ್ಥಿಕ ಕುಸಿತದ ವರ್ಷದಲ್ಲಿ. ಆ ಸಂಬಂಧ ಒಂದು ದಶಕವೂ ಬಾಳಲಿಲ್ಲ.

ಈ ನಡುವೆ ಬೆಂಗಳೂರಿನಲ್ಲಿ ಮೋಟಾರಿಗಿಂತ ಮೋಟಾರು ಕಾರ್ಖಾನೆ ನಿಂತಿದ್ದ ನೆಲಕ್ಕೆ ಹೆಚ್ಚು ಬೆಲೆ ಬಂದಿತ್ತು. 1946ರಲ್ಲಿ ಊರ ಹೊರಗಿದ್ದ ಮಲ್ಲೇಶ್ವರದ ಪಶ್ಚಿಮ ಭಾಗ ಅರ್ಧ ಶತಮಾನದಲ್ಲಿ ನಗರದ ನಡುವೆ ಸೇರಿಹೋಯಿತು. ಕಾರ್ಖಾನೆಯ ಜಾಗದಲ್ಲಿ ಬ್ರಿಗೇಡ್ ಗೇಟ್‌ವೇ ಎಂಬ ವಸತಿ ಮತ್ತು ವಾಣಿಜ್ಯ ಸಂಕೀರ್ಣ ಎದ್ದಿತು. 2012ರಲ್ಲಿ ಅಲ್ಲಿ ಒರಾಯನ್ ಮಾಲ್ ತೆರೆಯಿತು. ಕಂಪನಿಯ ಕಚೇರಿ ಪೀಣ್ಯದಲ್ಲಿದೆ, ತಯಾರಿಕೆ ನಗರದ ಅಂಚಿಗೂ ಇತರ ಜಿಲ್ಲೆಗಳಿಗೂ ಸರಿದಿದೆ. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲುಗಳ ಜಾಗದಲ್ಲಿ ನಡೆದದ್ದೂ ಹೆಚ್ಚು ಕಡಿಮೆ ಇದೇ. ಬೆಳಗಾವಿಯಲ್ಲಿ ಒಂದು ಬಡಾವಣೆಗಾಗಿ ಜಾಗ ಬಿಟ್ಟು ಹೊರಟ ಉದ್ಯಮ ಬೆಂಗಳೂರಿನಲ್ಲಿ ಮತ್ತೊಂದು ಬಡಾವಣೆಗೆ ಜಾಗವಾಯಿತು. ಮೊದಲ ಸಲ ಅದು ಪುರಸಭೆಯ ಆದೇಶ, ಎರಡನೆಯ ಸಲ ಮಾರುಕಟ್ಟೆಯ ಲೆಕ್ಕ.

ಕಟ್ಟಡ ಹೋದಾಗ ಅದರೊಡನೆ ಪರೀಕ್ಷಾ ದಾಖಲೆ, ಹಾಜರಿ ಪುಸ್ತಕ, ವಿನ್ಯಾಸದ ನಕ್ಷೆಗಳಂತಹ ಆಧಾರಗಳೂ ಚದುರುವ ಸಂಭವ ಹೆಚ್ಚು. ಕೈಗಾರಿಕಾ ದಾಖಲೆಗಳಿಗೆ ನಮ್ಮಲ್ಲಿ ಪತ್ರಾಗಾರದ ಸಂಪ್ರದಾಯ ಬೆಳೆದಿಲ್ಲ. ಇಂತಹ ಸ್ಥಿತಿಯಲ್ಲಿ ಸಂಶೋಧಕರು ಗಮನಿಸಬಹುದಾದ ಒಂದು ಆಕರ ಮೋಟಾರಿನ ಮೇಲೆಯೇ ಇದೆ. ಪ್ರತಿ ಮೋಟಾರಿನ ಹೊರಗವಚಕ್ಕೆ ಮೊಳೆಹೊಡೆದ ಲೋಹದ ನಾಮಫಲಕದಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ಅಶ್ವಶಕ್ತಿ, ವೋಲ್ಟೇಜು, ಆವರ್ತ, ವೇಗ ಇವು ನಮೂದಾಗಿರುತ್ತವೆ. ಯಾವ ಊರಿನಲ್ಲಿ ಯಾವ ತಯಾರಕರ, ಎಷ್ಟು ಶಕ್ತಿಯ, ಯಾವ ಆವರ್ತದ ಮೋಟಾರು ದುಡಿದಿತ್ತೆಂಬುದನ್ನು ಅದು ಶಾಸನದಷ್ಟೇ ಸಂಕ್ಷೇಪವಾಗಿ ಹೇಳುತ್ತದೆ. ಶಾಸನಗಳನ್ನು ಊರೂರು ತಿರುಗಿ ಪ್ರತಿಮಾಡಿದ ಪರಂಪರೆಯುಳ್ಳ ನಾಡಿನಲ್ಲಿ ಈ ಫಲಕಗಳನ್ನು ಪಟ್ಟಿಮಾಡುವ ಕೆಲಸ ಇನ್ನೂ ಆರಂಭವಾಗಬೇಕಾಗಿದೆ. ರೀವೈಂಡಿಂಗ್ ಅಂಗಡಿಗಳ ಮೂಲೆಯಲ್ಲಿ, ಬತ್ತಿದ ಬಾವಿಗಳ ಕಟ್ಟೆಯ ಮೇಲೆ, ಮುಚ್ಚಿದ ಅಕ್ಕಿ ಗಿರಣಿಗಳಲ್ಲಿ ಅವು ಉಳಿದಿವೆ. ತಾಮ್ರದ ಬೆಲೆ ಏರಿದಾಗಲೆಲ್ಲ ಹಳೆಯ ಮೋಟಾರುಗಳು ಗುಜರಿಗೆ ಹೋಗುತ್ತವೆ, ಫಲಕವೂ ಅವುಗಳೊಡನೆ ಕರಗುತ್ತದೆ.